ಕೆರೆಯ ಕೋಡಿ

ನಮ್ಮ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯವರಿಗೆ ಕೆರೆ ಕೋಡಿ ಬೀಳುವುದೆಂದರೆ ಹಬ್ಬಕ್ಕಿಂತ ದೊಡ್ಡ ಹಬ್ಬ. ಕರ್ನಾಟಕದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಶೇಂಗಾ ಬಿತ್ತಿ ಆಕಾಶವನ್ನು ನೋಡುತ್ತ ಕುಳಿತಿರುವುದು ಇಲ್ಲಿಯ ಒಕ್ಕಲುಮಕ್ಕಳಿಗೆ ಅಭ್ಯಾಸವಾಗಿ ಹೋಗಿದೆ. ಹೀಗಿರುವಲ್ಲಿ, ಕೆರೆ ತುಂಬಿ, ಮಿಕ್ಕ ನೀರು ಕೋಡಿಯ ಕಲ್ಲುಗಳ ಮೇಲೆ ಹರಿಯತೊಡಗಿತೆಂದರೆ ಊರವರೆಲ್ಲರೂ ಕೂಡಿ ಹೋಗಿ ಗಂಗಮ್ಮನಿಗೆ ಪೂಜೆಮಾಡಿ ಬಾಗಿನ ಬಿಡುತ್ತಾರೆ. 2022ನೆಯ ಇಸವಿಯ ಭಾದ್ರಪದದಲ್ಲಿ ಅಂಥ ಭಾಗ್ಯವೊಂದು ಬಂದಿತು. ನೆರೆಯ ಹಿರಿಯೂರು ತಾಲ್ಲೂಕಿನ ವಾಣೀವಿಲಾಸ ಸಾಗರವು 1933ರ ಅನಂತರ ಮೊದಲ ಸಲ, ಎಂದರೆ 89 ವರ್ಷಗಳ ಮೇಲೆ, ತುಂಬಿ ಹರಿಯಿತು. ಜನ ಬಂಡಿ ಬಸ್ಸುಗಳನ್ನು ಕಟ್ಟಿಕೊಂಡು ನೋಡಲು ಹೊರಟರು.

ಅದೇ ತಿಂಗಳಿನಲ್ಲಿ ನನ್ನ ಸಹಧರ್ಮಿಣಿ ತೀರಿಕೊಂಡಳು.

ಬೇನೆ ಬಹಳ ದಿನದ್ದಲ್ಲ, ಹೃದಯದ ತೊಂದರೆ, ಎರಡು ರಾತ್ರಿಯ ಮಾತು. ದಹನದಿಂದ ಮೊದಲ್ಗೊಂಡು ವೈಕುಂಠ ಸಮಾರಾಧನೆಯವರೆಗೆ ಎಲ್ಲವನ್ನೂ ಕ್ರಮ ತಪ್ಪದೆ ನಡೆಸಿದೆನು. ಪುರೋಹಿತರು ಮಂತ್ರ ತಡವರಿಸಿದ ಕಡೆ ತಿದ್ದಿಯೂ ಹೇಳಿದೆನು. ಬಂದ ನೆಂಟರು, “ಮೇಷ್ಟ್ರು ಗಟ್ಟಿ ಮನಸ್ಸಿನವರು, ಶಾಸ್ತ್ರ ಓದಿದವರ ಧೈರ್ಯವೇ ಬೇರೆ” ಎಂದರು. ನಾನೂ ಹಾಗೆಯೇ ಎಣಿಸಿದೆನು. ಮಗ ಬೆಂಗಳೂರಿಗೆ ಹಿಂತಿರುಗಿದನು. ನಾನು ಶಾಲೆಗೆ ಹಿಂತಿರುಗಿದೆನು. ಕಣ್ಣಿನಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಸುತ್ತಣ ಕೆರೆಗಳೆಲ್ಲ ತುಂಬಿ ತುಳುಕುತ್ತಿದ್ದ ವರ್ಷದಲ್ಲಿ ನಾನೊಬ್ಬನು ಒಣಗಿ ನಿಂತಿದ್ದೆನು.

ಈ ಧೈರ್ಯದ ನಿಜವಾದ ಗುಣ 2024ರಲ್ಲಿ ನಿವೃತ್ತನಾದ ಮೇಲೆ ತಿಳಿಯಿತು. ಶಾಲೆಯ ಗಂಟೆ ಇಲ್ಲದ ಹಗಲು ಬಲು ಉದ್ದ. ರಾತ್ರಿ ನಿದ್ರೆ ಹಾರಿತು. ಉಂಡ ಅನ್ನಕ್ಕೆ ರುಚಿಯಿಲ್ಲ. ಯೌವನದಿಂದ ನನ್ನ ಸಂಗಾತಿಯಾಗಿದ್ದ ರಘುವಂಶವನ್ನು ತೆಗೆದರೆ ಅಕ್ಷರಗಳು ಕಾಣುತ್ತಿದ್ದುವೇ ಹೊರತು ಅರ್ಥ ಒಳಕ್ಕೆ ಇಳಿಯುತ್ತಿರಲಿಲ್ಲ. ಯಾರೊಡನೆ ಹೇಳಿಕೊಳ್ಳಲಿ? ಗಟ್ಟಿ ಮನಸ್ಸಿನವನೆಂಬ ಬಿರುದು ಬಾಯಿಗೆ ಬೀಗವಾಗಿ ಕುಳಿತಿತ್ತು.

ಇದರಲ್ಲಿ ವಿಡಂಬನೆಯೇನೆಂದರೆ, ಈ ರೋಗದ ಮದ್ದನ್ನು ನಾನು ಇಪ್ಪತ್ತನೆಯ ವಯಸ್ಸಿನಲ್ಲಿಯೇ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆನು. ಭವಭೂತಿಯ ಉತ್ತರರಾಮಚರಿತದ 3ನೆಯ ಅಂಕದಲ್ಲಿ, ಸೀತೆಯನ್ನು ಕಾಡಿಗೆ ಕಳುಹಿಸಿದ ಶ್ರೀರಾಮನು ಪಂಚವಟಿಗೆ ಮರಳಿ ಬಂದು ಶೋಕಿಸುವಾಗ, ತಮಸಾ ನದೀದೇವತೆಯು ಕೆರೆಯ ದೃಷ್ಟಾಂತವೊಂದನ್ನು ಕೊಡುತ್ತಾಳೆ. ಮಿತಿಮೀರಿ ತುಂಬಿದ ಕೆರೆಗೆ ನೀರು ಹೊರಬೀಳುವ ದಾರಿ ಹೇಗೋ, ದುಃಖ ತುಂಬಿದ ಎದೆಗೆ ಅಳಲನ್ನು ತೋಡಿಕೊಳ್ಳುವುದು ಹಾಗೆ ಎಂಬುದು ಅದರ ಭಾವ. ಆ ಶ್ಲೋಕಕ್ಕೆ ನಾನು ಅನ್ವಯ, ಸಮಾಸ, ಅಲಂಕಾರ ಎಲ್ಲವನ್ನೂ ಹೇಳಬಲ್ಲವನಾಗಿದ್ದೆನು. ಅದು ನನಗೆ ಹೇಳಿದ ಮಾತೆಂದು ಮಾತ್ರ ಹೊಳೆದಿರಲಿಲ್ಲ.

ಹೀಗಿರಲು ಒಂದು ದಿನ ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ನಲವತ್ತು ವರ್ಷದವನೊಬ್ಬನು ಬಂದು ಕಾಲು ಮುಟ್ಟಿ ನಮಸ್ಕರಿಸಿದನು. ನಾನು ಉದ್ಯೋಗದ ಮೊದಲ ವರ್ಷಗಳಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದಾಗ ನನ್ನಲ್ಲಿ ಓದಿದವನು. ಈಗ ಕೊಂಡ್ಲಹಳ್ಳಿಯಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. “ಅಮ್ಮಾವ್ರು ಹೋದ ಸುದ್ದಿ ಕೇಳಿದೆ ಮೇಷ್ಟ್ರೇ. ಒಬ್ಬರೇ ಕೂತು ಏನು ಮಾಡ್ತೀರಿ? ಒಂದೆರಡು ದಿನ ನಮ್ಮನೆಗೆ ಬನ್ನಿ” ಎಂದನು. ಬೇರೆ ಯಾರಾದರೂ ಕರೆದಿದ್ದರೆ ನೆವ ಹೇಳುತ್ತಿದ್ದೆನೋ ಏನೋ. ಆದರೆ ಆ ಮುಖವನ್ನು ಕಂಡೊಡನೆ ಹಳೆಯದೊಂದು ಮುಳ್ಳು ಎದೆಯಲ್ಲಿ ಅಲುಗಿತು. ಒಪ್ಪಿಕೊಂಡೆನು.

ಬಳ್ಳಾರಿಯ ದಾರಿಯಲ್ಲಿ ಬಸ್ಸು ತಳುಕನ್ನು ದಾಟುವಾಗ ಆ ಮುಳ್ಳು ಇನ್ನಷ್ಟು ಆಳಕ್ಕೆ ಇಳಿಯಿತು. ತಳುಕು ಟಿ. ಎಸ್. ವೆಂಕಣ್ಣಯ್ಯನವರ ಊರು. 1939ರಲ್ಲಿ ತೀರಿಕೊಂಡ ಆ ಮಹನೀಯರು ತಾವು ಬರೆದುದಕ್ಕಿಂತ ಶಿಷ್ಯರಿಂದ ಬರೆಯಿಸಿದುದು ಹೆಚ್ಚೆಂದು ಹಿರಿಯರು ಹೇಳುತ್ತಿದ್ದರು. ಕುವೆಂಪು ಅವರು ತಮ್ಮ ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಅರ್ಪಿಸಿದುದು ಈ ಗುರುವಿಗೆ. ಗುರುವೆಂಬವನು ಶಿಷ್ಯನ ಒಳಗಿನ ನೀರಿಗೆ ದಾರಿ ಬಿಡಿಸಬೇಕು. ನಾನು ಮಾಡಿದುದೇನೆಂಬುದನ್ನು ಮುಂದೆ ಹೇಳುತ್ತೇನೆ.

ಶಿಷ್ಯನ ಮನೆಯ ನಡುವಣ ಅಂಕಣದಲ್ಲಿಯೇ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಸಿ ಕುಳಿತು ನೇಯಬೇಕು. ಕಾಲಿನಿಂದ ತುಳಿದು ಹಾಸಿನ ಎಳೆಗಳನ್ನು ಬಿಡಿಸಿ, ನಡುವೆ ಲಾಳಿಯನ್ನು ಹಾಯಿಸಿ, ಹಣಿಗೆಯಿಂದ ಬಡಿದು ಹೊಕ್ಕನ್ನು ಕೂಡಿಸುತ್ತಾನೆ. ಒಡಲಿನ ಬಣ್ಣಕ್ಕೊಂದು, ಎರಡು ಅಂಚುಗಳಿಗೆ ಒಂದೊಂದು, ಹೀಗೆ ಮೂರು ಲಾಳಿ. ಮೇಲೆ ಜಕಾರ್ಡಿನ ತೂತುರಟ್ಟುಗಳು ಒಂದಾದ ಮೇಲೊಂದು ತಿರುಗಿದಂತೆ ಸೀರೆಯ ಮೇಲೆ ಬುಟ್ಟಾ ಏಳುತ್ತದೆ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಹೂವು, ಹಣ್ಣು, ಪ್ರಾಣಿ, ಪಕ್ಷಿಗಳ ಆಕೃತಿಗಳಿಗೆ ಅದು ಹೆಸರಾದುದು. ಮಾನ್ಯತೆಯಿಂದ ನೇಯುವವನ ಕಷ್ಟ ತೀರಿತೆಂದು ವಾಚಕರು ತಿಳಿಯಬಾರದು. ಯಂತ್ರದ ಮಗ್ಗದ ಅಗ್ಗದ ಸೀರೆಯ ಎದುರಿನಲ್ಲಿ ಹಲವು ದಿನ ಕುಳಿತು ನೇಯ್ದ ಸೀರೆಯನ್ನು ಮಾರುವುದು ಸುಲಭವಲ್ಲ. “ಹೊಟ್ಟೆಗೂ ಮಗ್ಗವೇ ಆಧಾರ, ಸಾಲವೂ ಮಗ್ಗದ ಮೇಲೆಯೇ ಮೇಷ್ಟ್ರೇ. ಆದರೆ ಬುಟ್ಟಾ ಏಳುವ ಹೊತ್ತಿನಲ್ಲಿ ಮಾತ್ರ ಸಾಲದವನ ಮುಖ ನೆನಪಿಗೆ ಬರುವುದಿಲ್ಲ” ಎಂದು ಅವನು ನಕ್ಕನು.

ಆಗ ಮಗ್ಗದ ಮೇಲೆ ಏಳುತ್ತಿದ್ದುದು ಗಿಣಿ. ಕೊರಳನ್ನು ಹಿಂದಕ್ಕೆ ತಿರುಗಿಸಿ ತನ್ನ ರೆಕ್ಕೆಯನ್ನೇ ನೋಡುತ್ತಿರುವ ಗಿಣಿ. ಅದನ್ನು ನೋಡಿ ನಾನು ತಲೆ ತಗ್ಗಿಸಿದೆನು. “ಗುರುತು ಸಿಕ್ಕಿತೇ ಮೇಷ್ಟ್ರೇ?” ಎಂದನು. ಸಿಕ್ಕಿತ್ತು.

1996ರಲ್ಲಿ ಅವನು 8ನೆಯ ತರಗತಿಯ ಹುಡುಗ. ಆಷಾಢದಲ್ಲಿ ಅವನ ತಂದೆ ತೀರಿಕೊಂಡರು. ಹದಿನೈದು ದಿನಗಳ ಮೇಲೆ ಅವನು ಶಾಲೆಗೆ ಬಂದನು. ನಾನು ರಾಮಶಬ್ದದ ವಿಭಕ್ತಿಗಳನ್ನು ಹೇಳಿಸುತ್ತಿದ್ದೆನು. ಅವನು ಬಾಯಿ ಬಿಡದೆ, ತಲೆ ಬಗ್ಗಿಸಿ, ನೋಟುಪುಸ್ತಕದಲ್ಲಿ ಗಿಣಿಯೊಂದನ್ನು ಬರೆಯುತ್ತ ಅಳಿಸುತ್ತ ಮತ್ತೆ ಬರೆಯುತ್ತ ಇದ್ದನು. ನನಗೆ ಸಿಟ್ಟು ಬಂದಿತು. “ಸಾವಾದ ಮನೆಯ ಹುಡುಗನಿಗೆ ಚಿತ್ರದ ಚಪಲವೇ?” ಎಂದೆನು. ಎಂದುದು ಮಾತ್ರವೇ ಅಲ್ಲ, ಆ ಹಾಳೆಯನ್ನು ಹರಿದು ಕಿಟಕಿಯಿಂದ ಹೊರಗೆ ಎಸೆದೆನು. ತರಗತಿ ನಕ್ಕಿತು. ಅವನು ನಗಲಿಲ್ಲ, ಅಳಲೂ ಇಲ್ಲ. ಆ ಅಳದ ಮುಖವೇ ನನ್ನಲ್ಲಿ ಮುಳ್ಳಾಗಿ ಉಳಿದಿದ್ದುದು.

ಉಳಿದ ಕಥೆಯನ್ನು ಈ ಸಲ ಅವನ ಬಾಯಿಂದ ಕೇಳಿದೆನು. ಆ ಗಿಣಿ ಅವನ ತಂದೆ ಕೊನೆಯದಾಗಿ ನೇಯುತ್ತಿದ್ದ ಸೀರೆಯ ಬುಟ್ಟಾ. ಅರ್ಧ ನೇಯ್ದ ಸೀರೆಯನ್ನು ಕೂಲಿಗೆ ಕೊಟ್ಟವರು ಮಗ್ಗದಿಂದ ಬಿಡಿಸಿಕೊಂಡು ಹೋಗಿದ್ದರು. ಗಿಣಿಯ ಕೊರಳು ಯಾವ ಕಡೆಗೆ ತಿರುಗಿತ್ತೆಂಬುದು ಮರೆತುಹೋಗುವ ಮುನ್ನ ಅದನ್ನು ಕಾಗದದ ಮೇಲೆ ಹಿಡಿದಿಡಬೇಕೆಂದು ಹುಡುಗ ಹೆಣಗಾಡುತ್ತಿದ್ದನು. ನಾನು ಹಾಳೆ ಹರಿದ ಸಂಜೆ ಮನೆಗೆ ಹೋದವನು ಒಲೆಯ ಇದ್ದಿಲಿನಿಂದ ಬಾಗಿಲಿನ ಒಳಮೈ ತುಂಬ ಅದೇ ಗಿಣಿಯನ್ನು ಬರೆದನು. ಕೂಲಿಯಿಂದ ಬಂದ ತಾಯಿ ನೋಡಿದಳು. ಬಯ್ಯಲಿಲ್ಲ, ಒರೆಸಲಿಲ್ಲ, ಅದರ ಕೆಳಗೆ ಕುಳಿತು ಬಹಳ ಹೊತ್ತು ಅತ್ತಳು. ಹುಡುಗನೂ ಅವಳ ಜೊತೆಗೆ ಅತ್ತನು. ಆ ವರ್ಷದ ದೀಪಾವಳಿಗೆ ಸುಣ್ಣ ಬಣ್ಣ ಮಾಡಿದಾಗಲೂ ಅವಳು ಬಾಗಿಲನ್ನು ಮುಟ್ಟಲಿಲ್ಲವಂತೆ. ಅಕ್ಷರ ಬಾರದ ಆ ತಾಯಿ ಬಲ್ಲ ಮಾತನ್ನು, ಭವಭೂತಿಯನ್ನು ಬಾಯಿಪಾಠ ಮಾಡಿದ ನಾನು ಅರಿಯದೆ ಹೋದೆನು.

ಮಾರನೆಯ ಬೆಳಗ್ಗೆ ಶಿಷ್ಯನು ತನ್ನ ಬೈಕಿನ ಹಿಂದೆ ಕೂಡಿಸಿಕೊಂಡು ನನ್ನನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದನು. ಅಶೋಕನ ಶಾಸನವಿರುವ ಆ ಬಂಡೆಯನ್ನು ತೋರಿಸಲು ನಾನು ಹಿಂದೆ ಮಕ್ಕಳನ್ನು ಕರೆತಂದಿದ್ದೆನು. 1892ರಲ್ಲಿ ಬಿ. ಎಲ್. ರೈಸರು ಇದನ್ನೂ ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನೂ ಬೆಳಕಿಗೆ ತಂದರು. ಶಾಸನದ ತುದಿಯಲ್ಲಿ ಬರೆದವನ ಹೆಸರಿದೆ: ಚಪಡ. ಇಡೀ ಶಾಸನ ಬ್ರಾಹ್ಮೀ ಲಿಪಿಯಲ್ಲಿದ್ದರೂ, ತಾನು ಲಿಪಿಕಾರನೆಂದು ಹೇಳುವ ಕೊನೆಯ ಪದವನ್ನು ಅವನು ಖರೋಷ್ಠಿಯಲ್ಲಿ, ಎಂದರೆ ಬಲದಿಂದ ಎಡಕ್ಕೆ ಓದುವ ವಾಯವ್ಯ ದೇಶದ ಲಿಪಿಯಲ್ಲಿ, ಬರೆದಿದ್ದಾನೆ. ಮಕ್ಕಳಿಗೆ ಇದನ್ನು ಪರೀಕ್ಷೆಯ ಪ್ರಶ್ನೆಯಾಗಿ ಹೇಳಿಕೊಟ್ಟಿದ್ದೆನು. ಆ ದಿನ ಬೇರೊಂದು ಬಗೆಯಾಗಿ ತೋರಿತು. ಚಕ್ರವರ್ತಿಯ ಮಾತನ್ನು ಬರೆದು ಮುಗಿಸಿದ ಮೇಲೆ, ಬಲು ದೂರದ ಈ ಕುರುಚಲು ಗುಡ್ಡದಲ್ಲಿ, ಒಂದೇ ಒಂದು ಪದದಷ್ಟು ತನ್ನದನ್ನು ಬರೆಯದೆ ಆ ಮನುಷ್ಯನಿಗೆ ಕೈ ಎತ್ತಲಾಗಲಿಲ್ಲವೆಂದು ನನ್ನ ಊಹೆ.

ಆ ಬಂಡೆಯ ಬಳಿ ನಿಂತು ಶಿಷ್ಯನ ಕ್ಷಮೆ ಕೇಳಿದೆನು. ಅವನು ಗಾಬರಿಗೊಂಡು, “ಬಿಡಿ ಮೇಷ್ಟ್ರೇ, ನೀವು ಹಾಳೆ ಹರಿದದ್ದರಿಂದಲೇ ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ಬರೆದೆ” ಎಂದನು. ಅದು ಅವನ ದೊಡ್ಡತನ. ನನ್ನ ತಪ್ಪಿಗೆ ಅದು ಸಮರ್ಥನೆಯಾಗಲಾರದು. ಬಾಗಿಲಿನ ಮೇಲೆ ಬರೆಯಗೊಡುವ ತಾಯಿಯಿಲ್ಲದ ಮಕ್ಕಳು 34 ವರ್ಷಗಳಲ್ಲಿ ನನ್ನ ಎದುರಿಗೆ ಎಷ್ಟು ಮಂದಿ ಕುಳಿತಿದ್ದರೋ, ಯಾರ ಯಾರ ಹಾಳೆಗಳನ್ನು ನಾನು ಹರಿದೆನೋ!

ಊರಿಗೆ ಮರಳುವ ದಾರಿಯಲ್ಲಿ ಕೆರೆಯ ದೃಷ್ಟಾಂತವನ್ನೇ ಮತ್ತೆ ಮತ್ತೆ ನೆನೆದೆನು. ಕೆರೆಯ ನೀರು ಹೊರಬೀಳುವುದಕ್ಕೆ ಎರಡು ದಾರಿಗಳಿವೆ. ಏರಿ ಒಡೆದು ಹೊರಬೀಳಬಹುದು; ಆಗ ಕೆಳಗಣ ಗದ್ದೆಯೂ ಹಾಳು, ಕೆರೆಯೂ ಬರಿದು. ಕೋಡಿಯ ಮೂಲಕ ಹೊರಬೀಳಬಹುದು. ಅಲ್ಲಿ ಕಲ್ಲು ಹಾಸಿದೆ, ಎತ್ತರದ ಅಳತೆಯಿದೆ, ಹರಿದು ಹೋಗಲು ಹಳ್ಳವಿದೆ. ನೀರು ಒಂದೇ, ಬಂದ ದಾರಿ ಬೇರೆ. ಕುಡಿತ, ಕೋಪ, ಮನೆಯವರ ಮೇಲೆ ಹರಿಹಾಯುವುದು, ಇವೆಲ್ಲ ಏರಿ ಒಡೆದ ದುಃಖಗಳು. ಹಾಡು, ಚಿತ್ರ, ನೇಯ್ಗೆ, ರಂಗವಲ್ಲಿ, ಇವು ಕೋಡಿ ಬಿದ್ದ ದುಃಖಗಳು. ತಾಳ, ಛಂದಸ್ಸು, ಎಳೆಗಳ ಲೆಕ್ಕ, ಚುಕ್ಕಿಯ ಸಾಲು, ಇವೇ ಕೋಡಿಯ ಕಲ್ಲುಗಳು.

ಇದು ನನ್ನ ಸ್ವಂತ ಕಲ್ಪನೆಯೆಂದು ಹೆಮ್ಮೆಪಡುವಂತಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತಾಚಾರ್ಯರು ಧ್ವನ್ಯಾಲೋಕದ ಲೋಚನವ್ಯಾಖ್ಯಾನದಲ್ಲಿ, ಕ್ರೌಂಚವಧೆಯನ್ನು ಕಂಡ ವಾಲ್ಮೀಕಿಯ ಪ್ರಸಂಗವನ್ನು ವಿವರಿಸುತ್ತ, ಕೊಡ ತುಂಬಿ ತುಳುಕುವುದನ್ನೇ ಹೋಲಿಕೆಯಾಗಿ ತರುತ್ತಾರೆ. ತುಳುಕಿದ ಶೋಕವು ತಕ್ಕ ಛಂದಸ್ಸಿನ ಕಟ್ಟಿಗೆ ಒಳಪಟ್ಟು ಶ್ಲೋಕವಾಯಿತು ಎನ್ನುತ್ತಾರೆ. ಅವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಹಾಗೆ ಹೊರಬಂದುದನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಬಾರದು. ನನ್ನದು ಎಂಬ ಉರಿ ಅಲ್ಲಿ ಆರಿರುತ್ತದೆ. ಎಲ್ಲರದೂ ಆದ ಕರುಣೆ ಉಳಿದಿರುತ್ತದೆ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಭರತಮುನಿಯು ನಾಟ್ಯದ ಪ್ರಯೋಜನವನ್ನು ಹೇಳುವಾಗ ದುಃಖಪಟ್ಟವರಿಗೂ ಬಳಲಿದವರಿಗೂ ಅದು ವಿಶ್ರಾಂತಿ ಕೊಡುವುದೆಂದು ಹೇಳಿರುವುದು ಇದಕ್ಕಾಗಿಯೇ ಎಂದು ತೋರುತ್ತದೆ.

ಕೋಡಿಯ ಗುಣ ಇನ್ನೊಂದಿದೆ. ನಮ್ಮ ಹಿರಿಯರು ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಣ ಕೆರೆಯ ಕೋಡಿನೀರು ಕೆಳಗಣ ಕೆರೆಗೆ ಹೋಗುತ್ತದೆ. ಒಬ್ಬರ ಹೆಚ್ಚುವರಿ ಇನ್ನೊಬ್ಬರ ಬೆಳೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಎಂಬ ಕಾಡುಗೊಲ್ಲ ಹೆಣ್ಣುಮಗಳಿದ್ದರು. ಓದು ಬರೆಹ ಬಾರದು. ಸಾವಿರಾರು ಹಾಡುಗಳು ನಾಲಗೆಯ ಮೇಲಿದ್ದುವು. ವಿದ್ವಾಂಸರು ಅವರ ಹಟ್ಟಿಗೆ ಹೋಗಿ ಬರೆದುಕೊಂಡರು. ಯಾವ ಯಾವ ಕಾಲದ ಯಾವ ಯಾವ ಹೆಂಗಸರ ಎದೆಗಳಿಂದ ಕೋಡಿ ಬಿದ್ದ ನೀರು ಆ ಒಬ್ಬ ಅಜ್ಜಿಯಲ್ಲಿ ಬಂದು ನಿಂತಿತ್ತೋ! ಅದೇ ತಾಲ್ಲೂಕಿನ ಬೆಳಗೆರೆಯಲ್ಲಿ, ಕೃಷ್ಣಶಾಸ್ತ್ರಿಗಳ ಸೋದರಿ ಜಾನಕಮ್ಮನವರು ಮನೆಗೆಲಸದ ನಡುವೆ ಕವಿತೆಗಳನ್ನು ಬರೆದರು. ಒಬ್ಬರಿಗೆ ಅಕ್ಷರವಿತ್ತು, ಒಬ್ಬರಿಗಿರಲಿಲ್ಲ. ದಾರಿ ಇಬ್ಬರಿಗೂ ಇತ್ತು.

ಈ ಮಾತನ್ನು ಇಂದಿನ ವೈದ್ಯರೂ ಪರೀಕ್ಷಿಸಿ ನೋಡಿದ್ದಾರೆ. 1986ರಲ್ಲಿ ಅಮೆರಿಕದ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು, ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ಬಾಳಿನ ನೋವನ್ನು ಬರೆಯಿಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ನಡೆದುದನ್ನೂ ಅದರಿಂದಾದ ಭಾವನೆಯನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದುದು ಕಡಮೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪು ಶಾಖೆಯು 3,000ಕ್ಕೂ ಹೆಚ್ಚಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಕಲೆಗಳು ದೇಹಾರೋಗ್ಯಕ್ಕೂ ಮನಸ್ಸಿನ ಆರೋಗ್ಯಕ್ಕೂ ನೆರವಾಗುವುವೆಂದು ವರದಿಮಾಡಿತು. ಆದರೆ ಒಂದು ಎಚ್ಚರಿಕೆ. ಕೋಡಿಯಿಂದ ಎಲ್ಲ ಕೆರೆಯೂ ಉಳಿಯುವುದಿಲ್ಲ. ಏರಿಯೇ ಬಿರುಕುಬಿಟ್ಟಿದ್ದರೆ ಕೆಲಸ ಬಲ್ಲವರನ್ನು ಕರೆಯಬೇಕು. ವಾರಗಟ್ಟಲೆ ನಿದ್ರೆಯಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ವೈದ್ಯರಲ್ಲಿಗೆ ಹೋಗಲು ನಾಚಬಾರದು. 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯಿದೆ. 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಕೇಳುವವರು ಸಿಕ್ಕುತ್ತಾರೆ. ನಾನು ಒಂದು ದಿನ ಕರೆಮಾಡಿದೆನು. ಅದನ್ನು ಹೇಳಿಕೊಳ್ಳಲು ನನಗೀಗ ಸಂಕೋಚವಿಲ್ಲ.

ಮನೆಗೆ ಬಂದ ಮೇಲೆ ಅವಳ ಪೆಟ್ಟಿಗೆಯನ್ನು ಮೊದಲ ಸಲ ತೆರೆದೆನು. ಸೀರೆಗಳ ಕೆಳಗೆ ಐದಾರು ನೋಟುಪುಸ್ತಕಗಳಿದ್ದುವು. ವರ್ಷದ ಕೊನೆಯಲ್ಲಿ ಮಕ್ಕಳು ತರಗತಿಯಲ್ಲಿ ಬಿಟ್ಟುಹೋದ ಪುಸ್ತಕಗಳನ್ನು ನಾನು ಹಾಲಿನ ಲೆಕ್ಕ ಬರೆಯಲೆಂದು ಅವಳಿಗೆ ತಂದುಕೊಡುತ್ತಿದ್ದೆನು. ಅವಳು ಅವುಗಳ ಖಾಲಿ ಹಾಳೆಗಳಲ್ಲಿ ರಂಗವಲ್ಲಿ ಬರೆದಿಟ್ಟಿದ್ದಳು. ಒಂದು ಪುಟದಲ್ಲಿ ಯಾವುದೋ ಹುಡುಗ ಬರೆದ ರಾಮಶಬ್ದ, ಎದುರುಪುಟದಲ್ಲಿ ಏಳು ಚುಕ್ಕಿಯ ಕಮಲ. ಮೂವತ್ತು ವರ್ಷ ಪ್ರತಿದಿನವೂ ಅವಳು ಬಾಗಿಲಿನಲ್ಲಿ ಬರೆದುದನ್ನು ದಾಟಿಕೊಂಡು ನಾನು ಶಾಲೆಗೆ ಹೋಗಿದ್ದೆನು. ನಿಂತು ನೋಡಿದ ನೆನಪಿಲ್ಲ. ನಮ್ಮ ಮೊದಲನೆಯ ಮಗು ಹೋದ ವರ್ಷ ಒಂದಿತ್ತು. ಆ ವರ್ಷದ ಪುಸ್ತಕದಲ್ಲಿ ಒಂದೇ ತೊಟ್ಟಿಲು, ಮತ್ತೆ ಮತ್ತೆ, ಹನ್ನೆರಡು ಪುಟ. ನಾನು ಆಗಲೂ ಗಟ್ಟಿ ಮನಸ್ಸಿನವನೇ ಆಗಿದ್ದೆನು. ಅವಳು ಯಾರೊಡನೆ ಹೇಳಿಕೊಂಡಳೆಂಬುದು ಈಗ ತಿಳಿಯಿತು.

ಮರುದಿನ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಪುಡಿಯ ಡಬ್ಬವನ್ನು ಹಿಡಿದು ಕುಳಿತೆನು. ಮಂಡಿ ನೋಯಿತು. ಬೆರಳಿನ ಸಂದಿಯಿಂದ ಪುಡಿ ಒಂದೇ ಸಮನಾಗಿ ಇಳಿಯಲಿಲ್ಲ. ಏಳು ಚುಕ್ಕಿಯ ಸಾಲು ಏಳು ದಿಕ್ಕಿಗೆ ಹೋಯಿತು. ಬೀದಿಯವರು ನೋಡಿದರು, ಕೆಲವರು ನಕ್ಕರು. ಹತ್ತು ಹದಿನೈದು ದಿನ ಹೀಗೆಯೇ ನಡೆಯಿತು. ಒಂದು ದಿನ ಕಮಲದ ಎಳೆ ಎಲ್ಲಿಯೂ ತಪ್ಪದೆ ಸುತ್ತಿ ಬಂದು ಹೊರಟ ಚುಕ್ಕಿಯನ್ನೇ ಕೂಡಿಕೊಂಡಿತು. ಆಗ, ಆ ಹೊಸ್ತಿಲಿನ ಮುಂದೆ, ಕೈಯಲ್ಲಿ ಪುಡಿ ಹಿಡಿದುಕೊಂಡೇ, ನಾನು ಅತ್ತೆನು. ಆ ರಾತ್ರಿ ನಿದ್ರೆ ಬಂದಿತು.

ಗೃಹಸ್ಥರಾದ ವಾಚಕರಲ್ಲಿ ನನ್ನ ಬಿನ್ನಹ ದೊಡ್ಡದೇನೂ ಅಲ್ಲ. ಮನೆಯಲ್ಲಿ ಹಾಡುವವರಿದ್ದರೆ, ಗೋಡೆಯ ಮೇಲೆ ಗೀಚುವ ಮಕ್ಕಳಿದ್ದರೆ, ಹಳೆಯ ಸೀರೆಗಳ ಚೂರು ಕೂಡಿಸಿ ಕೌದಿ ಹೊಲಿಯುವ ಅತ್ತೆಯರಿದ್ದರೆ, ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಮೊದಲು ಕೇಳಬೇಡಿರಿ. ಕೋಡಿಯ ನೀರನ್ನು ಯಾರೂ ರುಚಿ ನೋಡಿ ಬಿಡುವುದಿಲ್ಲ. ಸುಣ್ಣ ಬಳಿಯುವಾಗ ಒಂದು ಬಾಗಿಲನ್ನಾದರೂ ಹಾಗೆಯೇ ಬಿಡಿರಿ.

ನೆರೆಮನೆಯ ಆರು ವರ್ಷದ ಹುಡುಗಿ ಈಗ ದಿನವೂ ಬೆಳಗ್ಗೆ ಬಂದು ನನ್ನ ಎದುರಿಗೆ ಕುಕ್ಕುರುಗಾಲಿನಲ್ಲಿ ಕೂಡುತ್ತಾಳೆ. ನಿನ್ನೆಯೂ ಬಂದಿದ್ದಳು. “ತಾತಾ, ಮೂರನೇ ಸಾಲಿನಲ್ಲಿ ಒಂದು ಚುಕ್ಕಿ ಬಿಟ್ಟಿದ್ದೀರಿ” ಎಂದಳು. ನೋಡಿದರೆ ಹೌದು, ಬಿಟ್ಟಿದ್ದೆನು. ಡಬ್ಬವನ್ನು ಅವಳ ಕೈಗೆ ಕೊಟ್ಟೆನು.